ಸಾಕುಮೊಲಗಳ ಅಜೀರ್ಣವ್ಯಾಧಿಗಳು: ಕಾರಣಗಳೂ ನಿವಾರಣೋಪಾಯಗಳೂ

ಮೊಲಗಳನ್ನು ಸಾಕಿರುವ ಮನೆಗಳಲ್ಲಿ, ಸಾಯಂಕಾಲ ಚೆನ್ನಾಗಿದ್ದಂತೆ ಕಂಡ ಪ್ರಾಣಿಯು ಬೆಳಗಾಗುವುದರೊಳಗೆ ಸತ್ತಿರುವುದುಂಟು. ಇದನ್ನು ದೃಷ್ಟಿದೋಷವೆಂದು ಭಾವಿಸುವವರೂ ಉಂಟು. ಇಂತಹ ಮರಣಗಳಲ್ಲಿ ಅನೇಕವು ಅಜೀರ್ಣದಿಂದ ಉಂಟಾದವು. ಆ ಅಜೀರ್ಣಕ್ಕೆ ಪ್ರೀತಿಯಿಂದ ಹಾಕಿದ ಕಾಳೇ ಎಷ್ಟೋ ವೇಳೆ ಕಾರಣವಾಗಿರುವುದು.

ಮೊಲವು ಹಸುವಿನಂತೆ ಮೆಲುಕುಹಾಕುವ ಪ್ರಾಣಿಯಲ್ಲ. ತಿಂದುದನ್ನು ವಾಂತಿಮಾಡುವ ಶಕ್ತಿಯೂ ಅದಕ್ಕಿಲ್ಲ. ಅದರ ಕರುಳಿನಲ್ಲಿ ಅಂಧಾಂತ್ರವೆಂಬ ದೊಡ್ಡ ಚೀಲವಿರುವುದು. ಅಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಮೇವನ್ನು ಹುಳಿಯಿಸಿ ಜೀರ್ಣಕ್ಕೆ ಸಹಾಯಮಾಡುವುವು. ಹೀಗೆ ಪಕ್ವವಾದ ಪದಾರ್ಥವು ಮೆತ್ತನೆಯ ಹಿಕ್ಕೆಯಾಗಿ ಹೊರಬೀಳುವಾಗ ಮೊಲವು ಅದನ್ನು ಮತ್ತೆ ತಿನ್ನುವುದು. ಇದು ರೋಗವಲ್ಲ, ಪ್ರಾಣಿಯ ಪೋಷಣೆಗೆ ಅವಶ್ಯವಾದ ಸ್ವಭಾವವು, ಇದನ್ನು ತಡೆಯಬಾರದು. ಕರುಳು ಸದಾ ಚಲಿಸುತ್ತಿರಬೇಕಾದರೆ ಒರಟಾದ ನಾರು ಬೇಕು. ನಾರು ಕಡಿಮೆಯಾದರೆ ಚಲನೆಯು ನಿಧಾನವಾಗಿ ಕೊನೆಗೆ ನಿಂತುಹೋಗುವುದು.

ವ್ಯಾಧಿಗೆ ಮುಖ್ಯ ಕಾರಣಗಳು ಇವು:

೧. ಕಡಲೆ, ರಾಗಿ, ಅನ್ನ, ರೊಟ್ಟಿ, ಸಿಹಿಹಣ್ಣುಗಳನ್ನು ಹೆಚ್ಚಾಗಿ ಹಾಕುವುದು. ಇವುಗಳ ಹಿಟ್ಟು ಸಕ್ಕರೆಗಳು ಕರುಳಿನಲ್ಲಿ ಬೇಗ ಹುಳಿತು, ವಾಯುವನ್ನೂ ವಿಷಗಳನ್ನೂ ಹುಟ್ಟಿಸುವುವು.

೨. ಮೇವನ್ನು ಒಮ್ಮೆಗೇ ಬದಲಾಯಿಸುವುದು. ಬೂಷ್ಟು ಹಿಡಿದ ಹುಲ್ಲನ್ನೂ ರಾಶಿಯಲ್ಲಿ ಬಿಸಿಯೇರಿದ ಹಸಿಹುಲ್ಲನ್ನೂ ಹಾಕುವುದು.

೩. ನೀರಿನ ಅಭಾವ, ಬೇಸಗೆಯ ಸೆಕೆ, ನಾಯಿಗಳ ಭಯ. ಇವುಗಳಿಂದ ಮೊಲವು ಮೇವನ್ನು ಬಿಡುವುದು.

೪. ಹಲ್ಲಿನ ದೋಷ. ಮೊಲದ ಹಲ್ಲುಗಳು ಆಜೀವವೂ ಬೆಳೆಯುವುವು. ಹುಲ್ಲನ್ನು ಅಗಿಯದಿದ್ದರೆ ಸವೆಯದೆ ಬಾಯನ್ನು ನೋಯಿಸುವುವು.

೫. ಕಾಕ್ಸಿಡಿಯವೆಂಬ ಸೂಕ್ಷ್ಮಜೀವಿ. ಇದು ವಿಶೇಷವಾಗಿ ಹಾಲುಬಿಟ್ಟ ಮರಿಗಳಿಗೆ ಭೇದಿಯನ್ನುಂಟುಮಾಡುವುದು. ಹಿಕ್ಕೆಯೊಡನೆ ಹೊರಬಿದ್ದ ಇದರ ಬೀಜಗಳು ತೇವವಿದ್ದಲ್ಲಿ ಕೆಲವೇ ದಿನಗಳಲ್ಲಿ ಸೋಂಕುವ ಸ್ಥಿತಿಗೆ ಬರುವುವು.

ನಿವಾರಣೆಯು ಕಷ್ಟವಾದುದಲ್ಲ. ಗರಿಕೆ ಮೊದಲಾದ ಹುಲ್ಲು, ಹಸಿಯದಾಗಲಿ ಚೆನ್ನಾಗಿ ಒಣಗಿದುದಾಗಲಿ, ಹಗಲೂ ರಾತ್ರಿಯೂ ಗೂಡಿನಲ್ಲಿರತಕ್ಕದ್ದು. ಮರಿಹಾಕದ ಪ್ರೌಢ ಮೊಲಕ್ಕೆ ಗುಳಿಗೆಯ ಮೇವನ್ನು ಕೊಡುವುದಾದರೆ, ೧ ಕಿಲೋಗ್ರಾಂ ತೂಕಕ್ಕೆ ದಿನಕ್ಕೆ ೨೫ ಗ್ರಾಂ ಮೀರದಿರುವುದು ಲೇಸು. ಹೊಸ ಮೇವನ್ನು ಹಳೆಯದರೊಡನೆ ಸ್ವಲ್ಪಸ್ವಲ್ಪವಾಗಿ ಬೆರೆಸುತ್ತ, ೭ರಿಂದ ೧೦ ದಿನಗಳಲ್ಲಿ ಪೂರ್ತಿಯಾಗಿ ಬದಲಾಯಿಸಬೇಕು. ಶುದ್ಧವಾದ ನೀರು ಯಾವಾಗಲೂ ಇರಬೇಕು. ೧ ಕಿಲೋಗ್ರಾಂ ತೂಕದ ಮೊಲಕ್ಕೆ ದಿನಕ್ಕೆ ಸುಮಾರು ೧೦೦ ಮಿಲಿಲೀಟರು ಬೇಕಾಗುವುದು. ಬೇಸಗೆಯಲ್ಲಿ ಇದು ಹೆಚ್ಚುವುದು. ಗೂಡನ್ನು ನೆರಳಿನಲ್ಲಿಟ್ಟು, ಪ್ರತಿದಿನವೂ ಹಿಕ್ಕೆಯನ್ನು ತೆಗೆದು, ನೆಲವನ್ನು ಒಣಗಿರುವಂತೆ ನೋಡಿಕೊಳ್ಳತಕ್ಕದ್ದು.

ದಿನವೂ ಬೆಳಗ್ಗೆ ಹಿಕ್ಕೆಯನ್ನು ನೋಡುವ ಅಭ್ಯಾಸವು ಬಹಳ ಪ್ರಯೋಜನಕರವು. ದುಂಡಗೆ, ಒಣಗಿ, ಹೇರಳವಾಗಿದ್ದರೆ ಆರೋಗ್ಯವು. ಸಣ್ಣದಾಗಿ ವಿರಳವಾದರೆ ಎಚ್ಚರಿಕೆಯು. ಮೊಲವು ಮೇವನ್ನು ಮುಟ್ಟದೆ, ಬೆನ್ನನ್ನು ಬಾಗಿಸಿ ಮೂಲೆಯಲ್ಲಿ ಕುಳಿತು ಹಲ್ಲು ಕಡಿಯುತ್ತಿದ್ದರೆ ನೋವಿನಲ್ಲಿದೆಯೆಂದು ತಿಳಿಯಬೇಕು. ೧೨ ಗಂಟೆಗಳ ಕಾಲ ತಿನ್ನದೆ, ಹಿಕ್ಕೆಯನ್ನೂ ಹಾಕದೆ ಇರುವ ಮೊಲವು ಅಪಾಯದಲ್ಲಿರುವುದು. ಅಷ್ಟರವರೆಗೂ ಕಾಯದೆ ಪಶುವೈದ್ಯರ ಬಳಿಗೆ ಒಯ್ಯುವುದೇ ವಿವೇಕವು. ಹೊಟ್ಟೆಯುಬ್ಬಿದ ಮೊಲಕ್ಕೆ ಎಣ್ಣೆಯನ್ನಾಗಲಿ ಗಂಜಿಯನ್ನಾಗಲಿ ಬಲಾತ್ಕಾರವಾಗಿ ಕುಡಿಸಬಾರದು. ದನಕುರಿಗಳಿಗೆಂದು ತಂದು ಮಿಕ್ಕಿದ ಔಷಧಿಯನ್ನು ಕೊಡಲೇಬಾರದು. ಪೆನಿಸಿಲಿನ್, ಅಮಾಕ್ಸಿಸಿಲಿನ್ ಮುಂತಾದವು ಬಾಯಿಯ ಮೂಲಕ ಹೋದರೆ ಕರುಳಿನ ಉಪಕಾರಿ ಜೀವಿಗಳನ್ನು ನಾಶಮಾಡಿ ಮೊಲವನ್ನು ಕೊಲ್ಲಬಲ್ಲವು.

ಗ್ರಾಮದ ಮುಖಂಡರೂ ಜಮೀನುದಾರರೂ ಈ ಸಂಗತಿಗಳನ್ನು ತಮ್ಮ ಮನೆಯ ಮಕ್ಕಳಿಗೂ, ಮೊಲ ಸಾಕುವ ನೆರೆಯವರಿಗೂ ತಿಳಿಯಪಡಿಸುವುದು ಉಚಿತವು. ಮೊಲದ ಗೂಡಿಗೆ ಕಾಳಿನ ಬಟ್ಟಲಿಗಿಂತ ಹುಲ್ಲಿನ ಹೊರೆಯೇ ಮುಖ್ಯವೆಂಬುದನ್ನು ಮನಗಂಡರೆ, ಈ ನಷ್ಟದ ಬಹುಭಾಗವನ್ನು ಖರ್ಚಿಲ್ಲದೆಯೇ ತಪ್ಪಿಸಬಹುದು.