ಸಾಷ್ಟಿಯೂ ಶ್ರೀರಂಗಪಟ್ಟಣವೂ: 1782ನೆಯ ಇಸವಿ

ಪರೀಕ್ಷೆಯ ಕಾಲದಲ್ಲಿ ಇಸವಿಗಳನ್ನು ಒಂದರ ಕೆಳಗೊಂದು ಬರೆದುಕೊಂಡು ಬಾಯಿಪಾಠ ಮಾಡುವುದು ವಿದ್ಯಾರ್ಥಿಗಳ ರೂಢಿ. ಮರಾಠರ ಪಾಠದಲ್ಲಿ 'ಸಾಲ್ಬಾಯಿ ಒಪ್ಪಂದ, 1782' ಎಂದಿರುತ್ತದೆ. ಮೈಸೂರಿನ ಪಾಠದಲ್ಲಿ 'ಹೈದರಾಲಿಯ ಮರಣ, 1782' ಎಂದಿರುತ್ತದೆ. ಪಾಠಗಳು ಬೇರೆಯಾದುದರಿಂದ ಇಸವಿ ಒಂದೇ ಎಂಬುದರ ಕಡೆಗೆ ನಮ್ಮ ಲಕ್ಷ್ಯ ಹೋಗುವುದಿಲ್ಲ. ಆದರೆ ಘಾಟ್ಕೋಪರಿನಲ್ಲಿ ಕುಳಿತು ಕನ್ನಡದಲ್ಲಿ ವಿದ್ಯೆ ಕಲಿಯುವವರು ಈ ಎರಡನ್ನೂ ಕೂಡಿಸಿ ಓದಬೇಕು. ನಾವು ನಿಂತ ನೆಲದ ಒಡೆತನವನ್ನೂ ನಮ್ಮ ಹಿರಿಯರ ನಾಡಿನ ಹಣೆಬರಹವನ್ನೂ ಕುರಿತು ಆ ವರ್ಷ ಒಂದೇ ಕಾಗದದ ಮೇಲೆ ಬರೆಯಲಾಯಿತು.

ಮೊದಲು ನೆಲದ ವಿಷಯ. ಹಳೆಯ ಮುಂಬಯಿಯೆಂದರೆ ಕುಲಾಬೆಯಿಂದ ಮಾಹೀಮ್, ಶೀವ್‌ವರೆಗಿನ ಸಣ್ಣ ದ್ವೀಪಗಳ ಗುಂಪು. ಅದರಾಚೆ, ಖಾಡಿಯನ್ನು ದಾಟಿದರೆ ಬರುವ ದೊಡ್ಡ ದ್ವೀಪವೇ ಸಾಷ್ಟಿ. ಇಂಗ್ಲಿಷರು ಇದನ್ನು ಸಾಲ್ಸೆಟ್ ಎಂದರು. ಕುರ್ಲಾ, ಘಾಟ್ಕೋಪರ್, ಮುಲುಂಡ್, ಠಾಣೆ, ಅತ್ತ ಅಂಧೇರಿ, ಬೊರಿವಲಿ ಎಲ್ಲವೂ ಈ ಸಾಷ್ಟಿಯ ನೆಲವೇ. ಪೋರ್ತುಗೀಜರ ಕೈಯಲ್ಲಿದ್ದ ಇದನ್ನು ಮರಾಠರು 1737ರಲ್ಲಿ ಗೆದ್ದುಕೊಂಡರು. 1739ರಲ್ಲಿ ಚಿಮಾಜಿ ಅಪ್ಪನಿಗೆ ವಸಯಿಯ ಕೋಟೆಯೂ ವಶವಾಯಿತು. ಮುಂಬಯಿಯ ಇಂಗ್ಲಿಷರಿಗೆ ಸಾಷ್ಟಿಯ ಮೇಲೆ ಬಹುಕಾಲದಿಂದ ಕಣ್ಣು. ದವಸಧಾನ್ಯ ಬೆಳೆಯುವ ಹೊಲಗಳು ಅಲ್ಲಿದ್ದುವು. ಬಂದರಿನ ಬೆನ್ನಿಗೆ ಕಾವಲೂ ಅದೇ. 1774ರ ಡಿಸೆಂಬರಿನಲ್ಲಿ ಅವರು ಠಾಣೆಯ ಕೋಟೆಯನ್ನು ಹಿಡಿದರು. ಪೇಶವೆಯ ಪಟ್ಟಕ್ಕಾಗಿ ಹೋರಾಡುತ್ತಿದ್ದ ರಘುನಾಥರಾಯನ ಪಕ್ಷವನ್ನು ವಹಿಸಿ ಯುದ್ಧಕ್ಕಿಳಿದರು.

ಈ ಯುದ್ಧ ನಡೆದಿರುವಾಗಲೇ, 1780ರಲ್ಲಿ, ಪುಣೆಯ ನಾನಾ ಫಡನವೀಸನೂ ಹೈದರಾಲಿಯೂ ಹಳೆಯ ವೈರವನ್ನು ಬದಿಗಿಟ್ಟು ಇಂಗ್ಲಿಷರ ವಿರುದ್ಧ ಕೂಡಿಕೊಂಡರು. ಕೃಷ್ಣೆಯ ದಕ್ಷಿಣಕ್ಕೆ ಹೈದರನು ಗೆದ್ದಿದ್ದ ಪ್ರದೇಶವನ್ನು ಮರಾಠರು ಒಪ್ಪಿಕೊಂಡರು. ಆತನು ಆರ್ಕಾಟಿನ ಸೀಮೆಗೆ ನುಗ್ಗಿ, ಪೊಲ್ಲಿಲೂರಿನಲ್ಲಿ ಕರ್ನಲ್ ಬೈಲಿಯ ಸೇನೆಯನ್ನು ಸೆರೆಹಿಡಿದನು. ಮರುವರ್ಷ ಪೋರ್ಟೋ ನೋವೋದಲ್ಲಿ ಸರ್ ಐರ್ ಕೂಟನ ಎದುರು ಸೋತರೂ ಹಿಮ್ಮೆಟ್ಟಲಿಲ್ಲ. 1782ರ ಫೆಬ್ರವರಿಯಲ್ಲಿ ಮಗ ಟಿಪ್ಪುವು ತಂಜಾವೂರಿನ ಕೊಳ್ಳಿಡಂ ನದಿಯ ಬಳಿ ಕರ್ನಲ್ ಬ್ರೇತ್‌ವೇಟನ ದಂಡನ್ನು ಮುತ್ತಿ ಶರಣಾಗತಗೊಳಿಸಿದನು. ಅದೇ ದಿನಗಳಲ್ಲಿ ಫ್ರೆಂಚ್ ನೌಕಾಪತಿ ಸಫ್ರೆನನು ಬಂದು ಇಂಗ್ಲಿಷರ ಹಡಗುಗಳೊಡನೆ ಕಾದಾಡತೊಡಗಿದನು. ಆ ಒಂದೇ ವರ್ಷ ನಾಲ್ಕು ಸಲ ಕಾದಾಟವಾಯಿತು.

ಇಂಗ್ಲಿಷರಿಗೆ ಆಗ ಎಲ್ಲ ದಿಕ್ಕಿಗೂ ಯುದ್ಧ. ಅಮೆರಿಕೆಯ ವಸಾಹತುಗಳು ಕೈಬಿಟ್ಟುಹೋಗಿ, ಮಾರ್ಚಿಯಲ್ಲಿ ಪ್ರಧಾನಿ ಲಾರ್ಡ್ ನಾರ್ತನು ರಾಜೀನಾಮೆಯನ್ನಿತ್ತಿದ್ದನು. ಕಲಕತ್ತೆಯ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸನು ಇಬ್ಬರು ಶತ್ರುಗಳಲ್ಲಿ ಒಬ್ಬನನ್ನಾದರೂ ಕಡಿಮೆ ಮಾಡಿಕೊಳ್ಳಬೇಕೆಂದು ಮಹಾದಜಿ ಶಿಂದೆಯ ಮೂಲಕ ಸಂಧಾನ ನಡೆಸಿದನು. ಮೇ 17ರಂದು ಗ್ವಾಲಿಯರಿನ ದಕ್ಷಿಣಕ್ಕಿರುವ ಸಾಲ್ಬಾಯಿಯಲ್ಲಿ ಒಪ್ಪಂದವಾಯಿತು. ವಸಯಿ ಮರಾಠರಿಗೆ ಮರಳಿತು. ರಘುನಾಥರಾಯನಿಗೆ ತಿಂಗಳಿಗೆ 25,000 ರೂಪಾಯಿಗಳ ವೇತನ ಗೊತ್ತಾಯಿತು. ಸಾಷ್ಟಿಯೂ ಖಾಡಿಯ ಇನ್ನು ಮೂರು ಸಣ್ಣ ದ್ವೀಪಗಳೂ ಇಂಗ್ಲಿಷರಲ್ಲಿಯೇ ಉಳಿದುವು. ಇನ್ನೊಂದು ಕಲಮನ್ನು ನಾವು ಮರೆಯಲಾಗದು: ಇಂಗ್ಲಿಷರಿಂದಲೂ ಆರ್ಕಾಟಿನ ನವಾಬನಿಂದಲೂ ಹೈದರನು ಕಸಿದುಕೊಂಡ ಪ್ರದೇಶವನ್ನು ಆರು ತಿಂಗಳೊಳಗೆ ಬಿಟ್ಟುಕೊಡುವಂತೆ ಪೇಶವೆಯವರು ಮಾಡತಕ್ಕದ್ದು. ನಿನ್ನೆಯ ಮಿತ್ರನನ್ನು ಕೇಳದೆಯೇ ಆತನ ಗೆಲುವನ್ನು ಹಿಂದಕ್ಕೆ ಕೊಡುವ ಮಾತು ಇದು.

ನಾನಾ ಫಡನವೀಸನು ಜಾಣ. ಒಪ್ಪಂದಕ್ಕೆ ತನ್ನ ಮುದ್ರೆಯನ್ನು ಕೂಡಲೆ ಒತ್ತಲಿಲ್ಲ. ಹೈದರನು ಬಲವಾಗಿರುವವರೆಗೆ ಇಂಗ್ಲಿಷರಿಗೆ ತನ್ನ ಅವಶ್ಯಕತೆ ಇದ್ದೇ ಇರುವುದೆಂಬ ಲೆಕ್ಕ. ಹೀಗೆ ಆ ಮಳೆಗಾಲವೆಲ್ಲ ಸಾಷ್ಟಿಯ ತೀರ್ಮಾನವು ದೂರದ ಮೈಸೂರು ದಂಡಿನ ಬಲದ ಮೇಲೆ ತೂಗಾಡುತ್ತಿತ್ತು.

ಆದರೆ ಹೈದರನ ಬೆನ್ನಿನಲ್ಲಿ ಹುಣ್ಣೊಂದು ಎದ್ದಿತ್ತು. ವೈದ್ಯರ ಚಿಕಿತ್ಸೆ ಫಲಿಸಲಿಲ್ಲ. ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ನರಸಿಂಗರಾಯನಪೇಟೆಯ ಪಾಳೆಯದಲ್ಲಿ ಆತನು ತೀರಿಕೊಂಡನು. ಸೇನೆಗೆ ಸುದ್ದಿ ತಿಳಿದರೆ ಗತಿಯೇನು? ಹಿರಿಯ ಮಗ ಟಿಪ್ಪುವು ಪಶ್ಚಿಮದ ಮಲಬಾರಿನಲ್ಲಿ, ಪೊನ್ನಾನಿಯ ಕಡೆಗೆ, ಕಂಪನಿಯ ಸೇನೆಯೊಡನೆ ಸೆಣಸುತ್ತಿದ್ದನು. ಅರಸನಿಲ್ಲದ ದಂಡು ಒಡೆಯುವುದಕ್ಕೆ ಒಂದು ದಿನ ಸಾಕು. ಮಂತ್ರಿಗಳಾದ ಪೂರ್ಣಯ್ಯ, ಕೃಷ್ಣರಾವ್ ಇಬ್ಬರೂ ಅಸಾಧಾರಣ ಧೈರ್ಯದಿಂದ ಮರಣವಾರ್ತೆಯನ್ನು ಮುಚ್ಚಿಟ್ಟರು. ಕಳೇಬರವನ್ನು ಪೆಟ್ಟಿಗೆಯಲ್ಲಿರಿಸಿ, ಖಜಾನೆಯನ್ನು ಸಾಗಿಸುವಂತೆ ಕಾವಲಿನೊಡನೆ ಕೋಲಾರಕ್ಕೆ ಕಳುಹಿಸಲಾಯಿತು. ಪಾಳೆಯದಲ್ಲಿ ಎಂದಿನಂತೆ ಕೆಲಸಗಳು ನಡೆದುವು. ಟಿಪ್ಪುವಿನ ತಮ್ಮನಾದ ಅಬ್ದುಲ್ ಕರೀಮನಿಗೆ ಪಟ್ಟ ಕಟ್ಟಬೇಕೆಂದು ಕೆಲವರು ಹೂಡಿದ ಸಂಚನ್ನೂ ಮಂತ್ರಿಗಳು ಅಡಗಿಸಿದರು. ವೇಗದೂತರು ಟಿಪ್ಪುವಿನ ಬಳಿಗೆ ಓಡಿದರು.

ಅತ್ತ ಮದರಾಸಿನಲ್ಲಿ ಗುಟ್ಟು ಬೇಗನೆ ರಟ್ಟಾಯಿತು. ಗವರ್ನರ್ ಮೆಕಾರ್ಟ್ನಿಯು ಕೂಡಲೆ ಮೇಲೆಬೀಳಬೇಕೆಂದರೆ, ಸೇನಾಪತಿ ಸ್ಟುವರ್ಟನು ಸಿದ್ಧತೆಯಿಲ್ಲವೆಂದು ತಡಮಾಡಿದನು. ಅವರ ಜಗಳ ನಡೆಯುತ್ತಿರುವಾಗಲೇ ಟಿಪ್ಪುವು ಬಂದು ತಂದೆಯ ಸೇನೆಯನ್ನು ಸೇರಿಕೊಂಡನು. ಒಂದು ದಂಡೂ ಚದರಲಿಲ್ಲ. ಪೂರ್ಣಯ್ಯನೆಂದರೆ 1799ರ ಅನಂತರದ ದಿವಾನನೆಂದಷ್ಟೇ ನಾವು ನೆನೆಯುತ್ತೇವೆ. ಈ ಕೆಲವು ವಾರಗಳಲ್ಲಿ ಆತನು ಮಾಡಿದ ಕಾರ್ಯ ಅದಕ್ಕಿಂತ ಕಡಿಮೆಯದೆಂದು ನನಗೆ ತೋರುವುದಿಲ್ಲ.

ಪುಣೆಯಲ್ಲಿ ಮಾತ್ರ ಲೆಕ್ಕ ಬದಲಾಯಿತು. ಹೈದರನು ತೀರಿಕೊಂಡ ಹದಿಮೂರನೆಯ ದಿನ, ಡಿಸೆಂಬರ್ 20ರಂದು, ನಾನಾ ಫಡನವೀಸನು ಸಾಲ್ಬಾಯಿಯ ಒಪ್ಪಂದವನ್ನು ಸ್ಥಿರಪಡಿಸಿದನು. ಅಲ್ಲಿಗೆ ಸಾಷ್ಟಿಯ ವ್ಯವಹಾರ ಮುಗಿಯಿತು. ಅದೇ ತಿಂಗಳು ಮುಂಬಯಿಯಿಂದ ಜನರಲ್ ಮ್ಯಾಥ್ಯೂಸನ ಸೇನೆ ಹಡಗೇರಿ ಕನ್ನಡ ಕರಾವಳಿಗೆ ಹೊರಟಿತು. ಮರಾಠರ ಭಯ ನೀಗಿದುದರಿಂದಲೇ ಅದಕ್ಕೆ ಬಿಡುವಾಯಿತು. ಹೊನ್ನಾವರ, ಬಿದನೂರು, ಮಂಗಳೂರು ಕೆಲವೇ ತಿಂಗಳಲ್ಲಿ ಅವರ ಕೈಸೇರಿದುವು. ಟಿಪ್ಪುವು ಬಿದನೂರನ್ನು ಮರಳಿ ಗೆದ್ದು, ಮಂಗಳೂರಿಗೆ ಮುತ್ತಿಗೆ ಹಾಕಿ, 1784ರ ಮಾರ್ಚ್ 11ರಂದು ಅಲ್ಲಿಯೇ ಸಂಧಿ ಮಾಡಿಕೊಂಡನು. ನಿಮ್ಮಲ್ಲಿ ಎಷ್ಟೋ ಮಂದಿಯ ಹಿರಿಯರ ಊರುಗಳು ಈ ದಾರಿಯಲ್ಲಿಯೇ ಇವೆ.

ಜಗತ್ತಿನ ಬೇರೆಡೆ ಆ ವರ್ಷ ಏನು ನಡೆಯಿತೆಂದರೆ, ಏಪ್ರಿಲಿನಲ್ಲಿ ಸಯಾಮಿನ ಒಂದನೆಯ ರಾಮರಾಜನು ಪಟ್ಟವೇರಿ ಬ್ಯಾಂಕಾಕನ್ನು ರಾಜಧಾನಿಯನ್ನಾಗಿ ಮಾಡಿಕೊಂಡನು. ಆತನ ವಂಶವೇ ಇಂದಿಗೂ ಅಲ್ಲಿ ಸಿಂಹಾಸನದಲ್ಲಿದೆ. ದ್ರವಗಳ ಚಲನೆಯ ನಿಯಮವನ್ನು ಕಂಡುಹಿಡಿದ ಡೇನಿಯಲ್ ಬರ್ನೂಲಿಯು ಮಾರ್ಚಿಯಲ್ಲಿ ತೀರಿಕೊಂಡನು. ಜೇಮ್ಸ್ ವ್ಯಾಟನು ಕೊಂತವನ್ನು ಎರಡೂ ಕಡೆಯಿಂದ ಆವಿಯು ತಳ್ಳುವ ಯಂತ್ರಕ್ಕೆ ಸನ್ನದನ್ನು ಪಡೆದನು. ಮುಂಬಯಿಯಲ್ಲಿ ಗವರ್ನರ್ ಹಾರ್ನ್‌ಬಿಯು ಮಹಾಲಕ್ಷ್ಮಿಯಿಂದ ವರಳಿಯವರೆಗೆ ಸಮುದ್ರಕ್ಕೆ ಒಡ್ಡು ಕಟ್ಟುವ ಕೆಲಸವನ್ನು ಕಂಪನಿಯ ಒಪ್ಪಿಗೆಗೆ ಕಾಯದೆ ಆ ವರ್ಷವೇ ಆರಂಭಿಸಿದನೆಂದು ವಾಡಿಕೆಯ ಮಾತು. ಈಗಿನ ಲಾಲಾ ಲಜಪತರಾಯ್ ಮಾರ್ಗವು ಆ ಒಡ್ಡಿನ ಮೇಲೆಯೇ ಹಾದುಹೋಗುತ್ತದೆ.

ಸಾಷ್ಟಿಯು ಮತ್ತೆ ಮರಾಠರಿಗೆ ಮರಳಲಿಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭಕ್ಕೆ ಶೀವ್‌ನಿಂದ ಕುರ್ಲೆಗೆ ಖಾಡಿಯ ಮೇಲೆ ದಾರಿಯಾಯಿತು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲನೆಯ ಪ್ರಯಾಣಿಕರ ರೈಲು, ಆವಿಯ ಬಲದಿಂದ, ಕುರ್ಲೆಯನ್ನು ದಾಟಿ ಇಂದಿನ ಘಾಟ್ಕೋಪರಿನ ಮೂಲಕವೇ ಠಾಣೆಗೆ ಓಡಿತು.