ಜಿಂಕೆಯ ಕೊಂಬು ಎಲ್ಲಿ ಹೋಯಿತು?

ಬನ್ನೇರುಘಟ್ಟದಲ್ಲಿ ಕೊಂಬಿಲ್ಲದ ಗಂಡು ಜಿಂಕೆ ನೋಡಿ ಐದು ವರ್ಷದ ಮಗಳು ‘ಅದರ ಕೊಂಬು ಯಾರು ಮುರಿದರು?’ ಎಂದು ಕೇಳಿದಳು. ಏನು ಹೇಳಲಿ?
– ಓದುಗರೊಬ್ಬರು, ಎಲೆಕ್ಟ್ರಾನಿಕ್ ಸಿಟಿ

ಯಾರೂ ಮುರಿದಿಲ್ಲ, ತಾನಾಗಿ ಬಿದ್ದಿದೆ ಎನ್ನಿ. ಚುಕ್ಕೆ ಜಿಂಕೆ, ಕಡವೆಗಳಲ್ಲಿ ಗಂಡಿಗೆ ಮಾತ್ರ ಕೊಂಬು. ಅದು ಅಪ್ಪಟ ಮೂಳೆ. ತಲೆಬುರುಡೆಯ ಮೇಲಿನ ಮೋಟು ಬುಡದಿಂದ ಮೊಳೆಯುತ್ತದೆ. ಬೆಳೆಯುವಾಗ ಮೇಲೆ ನವಿರು ರೋಮದ ಚರ್ಮವಿರುತ್ತದೆ, ಅದರೊಳಗಿನ ರಕ್ತನಾಳಗಳೇ ಮೂಳೆಗೆ ಪೋಷಣೆ ಒದಗಿಸುತ್ತವೆ. ಬೆಳೆದು ಮುಗಿದ ಮೇಲೆ ರಕ್ತ ನಿಂತು ಚರ್ಮ ಒಣಗುತ್ತದೆ. ಜಿಂಕೆ ಅದನ್ನು ಮರಕ್ಕೆ ಉಜ್ಜಿ ಸುಲಿದುಹಾಕುತ್ತದೆ. ಉಳಿದ ಗಟ್ಟಿ ಕೊಂಬು ಹೆಣ್ಣಿಗಾಗಿ ನಡೆಯುವ ಕಾಳಗಕ್ಕೆ. ಬೆದೆಗಾಲ ಕಳೆದು ಗಂಡು ಹಾರ್ಮೋನು ಇಳಿದಾಗ ಬುಡದ ಮೂಳೆ ಕರಗುತ್ತದೆ. ಒಣಗಿದ ತೆಂಗಿನ ಗರಿ ಬುಡ ಸಡಿಲಗೊಂಡು ಕಳಚುವ ಹಾಗೆ ಕೊಂಬು ಉದುರುತ್ತದೆ. ಆಮೇಲೆ ಹೊಸದು ಚಿಗುರುತ್ತದೆ.

ಚುಕ್ಕೆ ಜಿಂಕೆಗಳೆಲ್ಲ ಒಂದೇ ತಿಂಗಳಲ್ಲಿ ಕೊಂಬು ಉದುರಿಸುವುದಿಲ್ಲ. ಹಾಗಾಗಿ ಬೋಳು ತಲೆ, ಮೊಳಕೆ, ಪೂರ್ಣ ಕೊಂಬು ಮೂರನ್ನೂ ಒಂದೇ ಹಿಂಡಿನಲ್ಲಿ ತೋರಿಸಲು ಸಾಧ್ಯ. ಚಿತ್ರಪುಸ್ತಕಕ್ಕಿಂತ ಇದೇ ವಾಸಿ!

ರಾಣೆಬೆನ್ನೂರಿನ ಕೃಷ್ಣಮೃಗದ್ದು ಬೇರೆ ಕಥೆ. ಹಸುವಿನಂತೆ ಅದಕ್ಕೂ ಮೂಳೆಯ ಮೇಲೆ ಉಗುರಿನದೇ ವಸ್ತುವಿನ ಕವಚ, ಜೀವಮಾನಕ್ಕೆ ಒಂದೇ ಜೊತೆ.

ಕಾಡಿನಲ್ಲಿ ಬಿದ್ದ ಕೊಂಬೂ ವ್ಯರ್ಥವಲ್ಲ: ಮುಳ್ಳುಹಂದಿ ಕಡಿಯುತ್ತದೆ, ಸುಣ್ಣದಂಶಕ್ಕಾಗಿ ಜಿಂಕೆಗಳೂ ಅಗಿಯುತ್ತವೆ.