ಫಿಕ್ಸೆಡ್ ಲೆನ್ಸ್ ಕ್ಯಾಮೆರಾ: ಹೊಸದೋ, ಸೆಕೆಂಡ್ ಹ್ಯಾಂಡೋ? ಹಣ ಕೊಡುವ ಮುನ್ನ ತಿಳಿದಿರಬೇಕಾದ ವಿಷಯಗಳು

ಇತ್ತೀಚೆಗೆ ನಮ್ಮ ಯುವಕರ ಬಾಯಲ್ಲಿ ಪದೇ ಪದೇ ಕೇಳಿ ಬರುತ್ತಿರುವ ಒಂದು ಪ್ರಶ್ನೆ: "ಫ್ಯೂಜಿ ಎಕ್ಸ್100 ತೆಗೆದುಕೊಳ್ಳಬೇಕು ಅಂತಿದ್ದೇನೆ, ಹೊಸದು ತೆಗೆದುಕೊಳ್ಳುವುದಾ, ಯೂಸ್ಡ್ ಸಾಕಾ?" ಮಂಗಳೂರು, ಉಡುಪಿಯಲ್ಲಿ ಮಾತ್ರವಲ್ಲ, ಗಡಿಯಾಚೆ ಕನ್ನಡ ಕೇಳಿ ಬರುವ ಕೊಲ್ಹಾಪುರ ಜಿಲ್ಲೆಯ ನಾಂದಣಿ, ಇಚಲಕರಂಜಿ, ಗಡಹಿಂಗ್ಲಜದಂಥ ಊರುಗಳಲ್ಲೂ ಫೋಟೊಗ್ರಫಿ ಹುಚ್ಚಿನ ಹುಡುಗರ ಪ್ರಶ್ನೆ ಇದೇ. ಲಕ್ಷ ರೂಪಾಯಿಗೂ ಮೀರಿದ ವಸ್ತು. ಗಲ್ಫ್‌ನಲ್ಲಿ ದುಡಿದು ಉಳಿಸಿದ ಹಣ ಇರಬಹುದು, ಮದುವೆ ಸೀಸನ್‌ನಲ್ಲಿ ರಾತ್ರಿ ಹಗಲೆನ್ನದೆ ಫೋಟೊ ತೆಗೆದು ಕೂಡಿಟ್ಟ ಹಣ ಇರಬಹುದು. ತಪ್ಪು ಆಯ್ಕೆ ಮಾಡಿದರೆ ಒಂದು ವರ್ಷದ ಉಳಿತಾಯ ಕಪಾಟಿನೊಳಗೆ ಕುಳಿತುಬಿಡುತ್ತದೆ. ಹಾಗಾಗಿ ಈ ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ.

ಏನಿದು ಫಿಕ್ಸೆಡ್ ಲೆನ್ಸ್ ಕ್ಯಾಮೆರಾ?

ಸಾಮಾನ್ಯ ಡಿಎಸ್‌ಎಲ್‌ಆರ್ ಅಥವಾ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಲೆನ್ಸ್ ಬಿಚ್ಚಿ ಬೇರೆ ಹಾಕಬಹುದು. ಇದರಲ್ಲಿ ಹಾಗಿಲ್ಲ. ಒಂದೇ ಲೆನ್ಸ್, ಅದು ಬಾಡಿಗೇ ಸೇರಿಕೊಂಡಿರುತ್ತದೆ. ಹೆಚ್ಚಿನವುಗಳಲ್ಲಿ ಝೂಮ್ ಕೂಡ ಇಲ್ಲ. ಹತ್ತಿರದಿಂದ ಬೇಕಾದರೆ ನೀವೇ ನಡೆದು ಹತ್ತಿರ ಹೋಗಬೇಕು. ಆದರೆ ಒಳಗಿನ ಸೆನ್ಸರ್ ಮೊಬೈಲ್‌ನದ್ದಕ್ಕಿಂತ ಎಷ್ಟೋ ಪಟ್ಟು ದೊಡ್ಡದು, ಲೆನ್ಸ್ ಕೂಡ ಆ ಸೆನ್ಸರ್‌ಗೆಂದೇ ಮಾಡಿದ್ದು. ಅದಕ್ಕೇ ಚಿಕ್ಕ ಗಾತ್ರದಲ್ಲಿ ಒಳ್ಳೆಯ ಚಿತ್ರ ಸಿಗುತ್ತದೆ.

ಮುಖ್ಯವಾಗಿ ಮೂರು ಸಾಲುಗಳಿವೆ. ಫ್ಯೂಜಿಫಿಲ್ಮ್‌ನ ಎಕ್ಸ್100 ಸಾಲಿನಲ್ಲಿ 2017ರ ಎಕ್ಸ್100ಎಫ್, 2020ರ ಎಕ್ಸ್100ವಿ, 2024ರ ಎಕ್ಸ್100 ವಿಐ ಹೆಚ್ಚು ಓಡಾಡುತ್ತಿವೆ. ರೈಕೋ ಜಿಆರ್ ಜೇಬಿಗೆ ಹಿಡಿಯುವಂಥದ್ದು: 2019ರ ಜಿಆರ್3, 2021ರ ಜಿಆರ್3 ಎಕ್ಸ್, 2025ರ ಜಿಆರ್4. ಲೈಕಾ ಕ್ಯೂ ಸಾಲು ಫುಲ್ ಫ್ರೇಮ್, ಬೆಲೆ ಹಲವು ಲಕ್ಷ. ಸೋನಿಯೂ 2025ರಲ್ಲಿ ಆರ್‌ಎಕ್ಸ್1ಆರ್ ಮಾರ್ಕ್3 ಬಿಡುಗಡೆ ಮಾಡಿದೆ.

ಮೊದಲು ಕೇಳಬೇಕಾದ ಪ್ರಶ್ನೆ: ನನಗೆ ಇದು ಬೇಕಾ?

ಹೊಸದೋ ಹಳೆಯದೋ ಎಂಬುದು ಎರಡನೇ ಪ್ರಶ್ನೆ. 2025ರ ಜುಲೈ ಕೊನೆಯಲ್ಲಿ ನಾಂದಣಿಯ ಜೈನ ಮಠದ ಆನೆ ಮಹಾದೇವಿಯನ್ನು (ಮಾಧುರಿ ಎಂದೂ ಕರೆಯುತ್ತಾರೆ) ಕೋರ್ಟ್ ಆದೇಶದಂತೆ ಗುಜರಾತ್‌ನ ವಂತಾರಾಕ್ಕೆ ಕಳುಹಿಸಿದಾಗ ಸಾವಿರಾರು ಜನ ಸೇರಿದ್ದರು. ಅಂಥ ಕಡೆ ನೀವು ಕ್ಯಾಮೆರಾ ಹಿಡಿದು ನಿಂತಿದ್ದೀರಿ ಎಂದುಕೊಳ್ಳಿ. ಜನರ ಮಧ್ಯೆ, ಕಣ್ಣೀರು ಹಾಕುವವರ ಪಕ್ಕದಲ್ಲೇ ನಿಂತು ತೆಗೆಯಲು ಈ ಚಿಕ್ಕ ಕ್ಯಾಮೆರಾಕ್ಕಿಂತ ಒಳ್ಳೆಯದು ಇಲ್ಲ. ಯಾರೂ ಬೆದರುವುದಿಲ್ಲ, ಶಬ್ದವೂ ಇಲ್ಲ. ಅದೇ ದೂರದಲ್ಲಿ, ಜನರ ತಲೆಗಳಾಚೆ ವಾಹನ ಹತ್ತುವ ಆನೆ ಬೇಕು ಎಂದರೆ ಏನೂ ಸಿಗದು. ಝೂಮ್ ಲೆನ್ಸ್ ಇರುವವನು ಮಾತ್ರ ಅದನ್ನು ತೆಗೆದಾನು.

ಮದುವೆ ಫೋಟೊಗ್ರಫಿಯಿಂದಲೇ ದುಡಿಯುವವರಿಗೆ ಇನ್ನೊಂದು ಮಾತು. ಎಕ್ಸ್100 ವಿಐ ಆಗಲಿ, ಜಿಆರ್3 ಆಗಲಿ, ಒಂದೇ ಮೆಮೊರಿ ಕಾರ್ಡ್ ಹಾಕುವಂಥವು. ನಿಕಾಹ್‌ನ ಹೊತ್ತಿಗೆ ಕಾರ್ಡ್ ಕೆಟ್ಟರೆ ಎರಡನೇ ಕಾಪಿ ಇಲ್ಲ. ಹಾಗಾಗಿ ಇದು ಎರಡನೇ ಕ್ಯಾಮೆರಾ ಆಗಬಹುದು, ದುಡಿಮೆಯ ಮೊದಲ ಕ್ಯಾಮೆರಾ ಆಗುವುದು ಬೇಡ. ಮನೆ, ಮಕ್ಕಳು, ಪ್ರಯಾಣ, ಬೀದಿ, ಮಾರುಕಟ್ಟೆಯ ಚಿತ್ರಗಳಿಗೆ ಮಾತ್ರ ಎಂದಾದರೆ ಧೈರ್ಯವಾಗಿ ಮುಂದುವರಿಯಿರಿ.

ಈ ಕ್ಯಾಮೆರಾಗಳ ಸೆಕೆಂಡ್ ಹ್ಯಾಂಡ್ ಲೆಕ್ಕ ಯಾಕೆ ಬೇರೆ?

ಲೆನ್ಸ್ ಬದಲಾಯಿಸುವ ಕ್ಯಾಮೆರಾದಲ್ಲಿ ಲೆನ್ಸ್ ಕೆಟ್ಟರೆ ಬೇರೆ ಲೆನ್ಸ್, ಬಾಡಿ ಕೆಟ್ಟರೆ ಬೇರೆ ಬಾಡಿ. ಇಲ್ಲಿ ಎರಡೂ ಒಂದೇ. ಲೆನ್ಸ್‌ಗೆ ಫಂಗಸ್ ಹಿಡಿದರೆ, ಅಪರ್ಚರ್ ಸಿಲುಕಿದರೆ, ಫೋಕಸ್ ಮೋಟರ್ ಹೋದರೆ ಇಡೀ ಕ್ಯಾಮೆರಾ ರಿಪೇರಿಗೆ ಹೋಗಬೇಕು. ಸೆನ್ಸರ್ ಮೇಲೆ ಒಂದು ಕಣ ಧೂಳು ಕುಳಿತರೂ ಲೆನ್ಸ್ ಬಿಚ್ಚಿ ಒರೆಸುವ ಹಾಗಿಲ್ಲ, ಸರ್ವೀಸ್ ಸೆಂಟರ್‌ನವರೇ ಬಿಚ್ಚಬೇಕು. ಬೀದಿಯ ಅಂಗಡಿಯಲ್ಲಿ ಇದು ಸುಲಭದ ಕೆಲಸವಲ್ಲ. ಸಣ್ಣ ಊರಿನವರು ಕೊರಿಯರ್ ಮಾಡಿ ದೊಡ್ಡ ನಗರಕ್ಕೆ ಕಳುಹಿಸಿ ವಾರಗಟ್ಟಲೆ ಕಾಯಬೇಕಾಗುತ್ತದೆ.

ಇನ್ನೊಂದು ಬದಿಯೂ ಇದೆ. ಇವುಗಳ ಬೆಲೆ ಬೇಗ ಇಳಿಯುವುದಿಲ್ಲ. 2022-23ರಲ್ಲಿ ಸೋಶಿಯಲ್ ಮೀಡಿಯಾದಿಂದಾಗಿ ಎಕ್ಸ್100ವಿಗೆ ಬೇಡಿಕೆ ಎಷ್ಟು ಏರಿತೆಂದರೆ, ಹೊಸದು ಸಿಗದೆ ಹಲವು ದೇಶಗಳಲ್ಲಿ ಹಳೆಯದೇ ಹೊಸದರ ಬೆಲೆಗಿಂತ ಹೆಚ್ಚಿಗೆ ಮಾರಾಟವಾಯಿತು. ಹಾಗಾಗಿ "ಸೆಕೆಂಡ್ ಹ್ಯಾಂಡ್ ಎಂದರೆ ಅರ್ಧ ಬೆಲೆ" ಎಂಬ ನಮ್ಮ ಹಳೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಲೆಕ್ಕ ಹಾಕುವುದು ಹೇಗೆ?

ಕೊಂಡ ಬೆಲೆಯೊಂದನ್ನೇ ನೋಡಬೇಡಿ. ಕೊಂಡ ಬೆಲೆಗೆ ರಿಪೇರಿ ಖರ್ಚು ಕೂಡಿಸಿ, ಮುಂದೆ ಮಾರುವಾಗ ಸಿಗುವ ಬೆಲೆ ಕಳೆಯಿರಿ. ಅದೇ ನಿಮ್ಮ ನಿಜವಾದ ಖರ್ಚು.

ಬರೀ ಉದಾಹರಣೆಗೆ ಹೇಳುವುದಾದರೆ: ಹೊಸದು 1,70,000 ರೂ.ಗೆ ಕೊಂಡು ಮೂರು ವರ್ಷದ ನಂತರ 1,20,000ಕ್ಕೆ ಮಾರಿದರೆ ಖರ್ಚು 50,000. ಅದೇ ಹಳೆಯದನ್ನು 1,35,000ಕ್ಕೆ ಕೊಂಡು, ಒಮ್ಮೆ 15,000ದ ರಿಪೇರಿ ಮಾಡಿಸಿ, 1,05,000ಕ್ಕೆ ಮಾರಿದರೆ ಖರ್ಚು 45,000. ಮೂರು ವರ್ಷಕ್ಕೆ ಉಳಿದದ್ದು ಐದೇ ಸಾವಿರ. ಅಷ್ಟಕ್ಕೆ ವಾರಂಟಿ ಬಿಟ್ಟು ತಲೆಬಿಸಿ ಯಾಕೆ? ಆದರೆ ಅದೇ ಹಳೆಯ ಕ್ಯಾಮೆರಾ 1,05,000ಕ್ಕೆ ಸಿಕ್ಕಿ, ಅಷ್ಟೇ ರಿಪೇರಿಯ ನಂತರ 85,000ಕ್ಕೆ ಮಾರಿದರೆ ಖರ್ಚು 35,000. ಈಗ ಯೋಚನೆ ಮಾಡಬಹುದು.

ಒಂದು ಸರಳ ಅಂದಾಜು ಹೀಗೆ ಇಟ್ಟುಕೊಳ್ಳಿ. ಅದೇ ಮಾಡೆಲ್ ಹೊಸದಕ್ಕಿಂತ ಶೇ. 20ರಷ್ಟೂ ಕಡಿಮೆ ಇಲ್ಲದಿದ್ದರೆ ಹೊಸದೇ ಲೇಸು. ಶೇ. 30ಕ್ಕಿಂತ ಹೆಚ್ಚು ಕಡಿಮೆ ಇದ್ದು, ಬಿಲ್ ಇದ್ದು, ಕೈಯಲ್ಲಿ ಹಿಡಿದು ನೋಡಲು ಸಿಕ್ಕಿದರೆ ಹಳೆಯದು. ನಡುವೆ ಇದ್ದರೆ ವಾರಂಟಿ ಎಷ್ಟು ಉಳಿದಿದೆ ಎಂಬುದೇ ತೀರ್ಮಾನ. ಒಂದು ತಲೆಮಾರು ಹಿಂದಿನ ಮಾಡೆಲನ್ನೂ ಮರೆಯಬೇಡಿ. ಎಕ್ಸ್100 ವಿಐಯಲ್ಲಿ 40 ಮೆಗಾಪಿಕ್ಸೆಲ್ ಮತ್ತು ಕೈ ನಡುಕ ತಡೆಯುವ ವ್ಯವಸ್ಥೆ ಹೊಸದಾಗಿ ಬಂದಿದೆ. ಅದು ಬೇಡ ಎನ್ನುವವರಿಗೆ 26 ಮೆಗಾಪಿಕ್ಸೆಲ್‌ನ ಎಕ್ಸ್100ವಿ ಧಾರಾಳ ಸಾಕು.

ದುಡಿಮೆಗಾಗಿ ಕೊಳ್ಳುವವರು, ಜಿಎಸ್‌ಟಿ ನೋಂದಣಿ ಇದ್ದರೆ, ಇನ್ನೊಂದು ಲೆಕ್ಕ ಸೇರಿಸಬೇಕು. ಡಿಜಿಟಲ್ ಕ್ಯಾಮೆರಾ ಮೇಲಿನ ಜಿಎಸ್‌ಟಿ 2019ರ ಜನವರಿಯಿಂದ ಶೇ. 28ರಿಂದ 18ಕ್ಕೆ ಇಳಿದಿದೆ. ಅಂಗಡಿಯಿಂದ ನಿಮ್ಮ ನಂಬರ್ ಹಾಕಿಸಿ ಬಿಲ್ ಪಡೆದರೆ ಆ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು. ಖಾಸಗಿ ವ್ಯಕ್ತಿಯಿಂದ ಹಳೆಯದು ಕೊಂಡರೆ ಅದು ಸಿಗದು. ಅಂಥವರಿಗೆ ಹೊಸದರ ಪಾಲೇ ಹೆಚ್ಚು ಲಾಭ.

"ನೋ ಕಾಸ್ಟ್ ಇಎಂಐ" ಬಗ್ಗೆಯೂ ಒಂದು ಮಾತು. ಕಾರ್ಡ್‌ನಲ್ಲಿ ಕೊಳ್ಳುವಾಗ ಸಾಮಾನ್ಯವಾಗಿ ಬ್ಯಾಂಕ್ ಬಡ್ಡಿ ಹಾಕಿಯೇ ಹಾಕುತ್ತದೆ, ಅಷ್ಟೇ ಮೊತ್ತವನ್ನು ಬೆಲೆಯಲ್ಲಿ ಡಿಸ್ಕೌಂಟ್ ಎಂದು ಮೊದಲೇ ಕಳೆದಿರುತ್ತಾರೆ. ಬಡ್ಡಿಯ ಮೇಲಿನ ಜಿಎಸ್‌ಟಿ ನಿಮ್ಮ ಮೇಲೆಯೇ ಬೀಳುತ್ತದೆ. ಬಡ್ಡಿಯ ವ್ಯವಹಾರ ಬೇಡ ಎನ್ನುವವರು ಹೆಸರು ನೋಡಿ ಮೋಸ ಹೋಗದೆ, ಬಿಲ್ ಮತ್ತು ಸ್ಟೇಟ್‌ಮೆಂಟ್ ಓದಿ ನಿರ್ಧರಿಸಲಿ. ಹಣ ಸಾಲದಿದ್ದರೆ ಆರು ತಿಂಗಳು ಕಾಯುವುದೂ ಒಂದು ದಾರಿಯೇ.

ಧೂಳು, ತೇವ, ನೆರೆ

ಕ್ಯಾಮೆರಾ ಯಾವ ಊರಲ್ಲಿ ಬಾಳಿದೆ ಎಂಬುದನ್ನು ಕೇಳಿಯೇ ಕೇಳಿ. ಕರಾವಳಿಯ ಮಳೆಗಾಲದಲ್ಲಿ ಕಪಾಟಿನಲ್ಲಿಟ್ಟ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ. ಲೆನ್ಸ್‌ನ ಒಳಗೆ ಫಂಗಸ್ ಬರಲು ಅಷ್ಟೇ ಸಾಕು.

ಇಚಲಕರಂಜಿಯ ಕಡೆ ಸಮಸ್ಯೆ ಬೇರೆ. ಪವರ್‌ಲೂಮ್‌ಗಳ ಊರು ಅದು, ಮಗ್ಗದ ಶೆಡ್‌ಗಳಲ್ಲಿ ಹತ್ತಿಯ ನವಿರು ಎಳೆ ಗಾಳಿಯಲ್ಲೇ ಹಾರುತ್ತಿರುತ್ತದೆ. ರೈಕೋ ಜಿಆರ್‌ನ ಲೆನ್ಸ್ ಆನ್ ಮಾಡಿದಾಗ ಹೊರಗೆ, ಆಫ್ ಮಾಡಿದಾಗ ಒಳಗೆ ಹೋಗುವಂಥದ್ದು. ಪ್ರತೀ ಸಲ ಒಳಗೆ ಹೋಗುವಾಗ ಗಾಳಿಯ ಜೊತೆ ಧೂಳನ್ನೂ ಎಳೆದುಕೊಳ್ಳಬಹುದು. ಜಿಆರ್ ಬಳಸುವವರ ಸಾಮಾನ್ಯ ದೂರೇ ಇದು. ಎಕ್ಸ್100ವಿ ಮತ್ತು ವಿಐಗೆ ಅಡಾಪ್ಟರ್ ರಿಂಗ್ ಮತ್ತು ಫಿಲ್ಟರ್ ಹಾಕಿದರೆ ಮಾತ್ರ ಧೂಳು, ತುಂತುರು ಮಳೆಯಿಂದ ರಕ್ಷಣೆ. ಹಿಂದಿನ ಮಾಲಕ ಅದನ್ನು ಹಾಕಿದ್ದನೋ ಕೇಳಿ.

ಪಂಚಗಂಗಾ ಮತ್ತು ಕೃಷ್ಣಾ ಸೇರುವುದು ನಾಂದಣಿ ಇರುವ ಶಿರೋಳ ತಾಲೂಕಿನಲ್ಲೇ. 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈಯಲ್ಲಿ ಆ ಭಾಗ ನೆರೆಯಲ್ಲಿ ಮುಳುಗಿತ್ತು. ನೀರು ನುಗ್ಗಿದ ಮನೆಯಲ್ಲಿದ್ದ ಎಲೆಕ್ಟ್ರಾನಿಕ್ ವಸ್ತು ಒಣಗಿದ ಮೇಲೆ ಸ್ವಲ್ಪ ದಿನ ನಡೆದೀತು, ಒಳಗೆ ತುಕ್ಕು ಮಾತ್ರ ಬೆಳೆಯುತ್ತಲೇ ಇರುತ್ತದೆ. ನಮ್ಮ ಕಡೆಯ ನೆರೆ ಪ್ರದೇಶದಿಂದ ಬಂದದ್ದಾದರೂ ಇದೇ ಎಚ್ಚರ ಬೇಕು.

ಹಳೆಯದು ನೋಡಲು ಹೋದಾಗ ಏನೇನು ಪರೀಕ್ಷಿಸಬೇಕು?

ಹಗಲು ಬೆಳಕಿನಲ್ಲಿ ಹೋಗಿ, ನಿಮ್ಮದೇ ಕಾರ್ಡ್ ತೆಗೆದುಕೊಂಡು ಹೋಗಿ. ಅರ್ಧ ಗಂಟೆ ಸಾಕು.

1. ಬಿಲ್, ಬಾಕ್ಸ್, ಬಾಡಿ ಮೂರರಲ್ಲೂ ಸೀರಿಯಲ್ ನಂಬರ್ ಒಂದೇ ಇದೆಯೇ ನೋಡಿ.
2. ಅಪರ್ಚರ್ ಎಫ್16ಕ್ಕೆ ಇಟ್ಟು ಬಿಳಿ ಗೋಡೆ ಅಥವಾ ಆಕಾಶದ ಫೋಟೊ ತೆಗೆಯಿರಿ. ಝೂಮ್ ಮಾಡಿದಾಗ ಕಪ್ಪು ಚುಕ್ಕೆ ಕಂಡರೆ ಸೆನ್ಸರ್ ಮೇಲೆ ಧೂಳಿದೆ.
3. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ಲೆನ್ಸ್ ಒಳಗೆ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್, ಅಲ್ಲಿಗೇ ವ್ಯಾಪಾರ ಬಿಡಿ.
4. ಇಟ್ಟಿಗೆ ಗೋಡೆ ಅಥವಾ ಗೋಡೆಗಂಟಿಸಿದ ನ್ಯೂಸ್ ಪೇಪರ್‌ನ ಫೋಟೊ ನೇರವಾಗಿ ನಿಂತು ತೆಗೆಯಿರಿ. ಒಂದೇ ಮೂಲೆ ಮಸುಕಾಗಿದ್ದರೆ ಕ್ಯಾಮೆರಾ ಬಿದ್ದಿರಬಹುದು.
5. ಎಲ್ಲ ಅಪರ್ಚರ್‌ಗಳಲ್ಲಿ ಒಂದೊಂದು ಫೋಟೊ ತೆಗೆದು ನೋಡಿ. ಬೆಳಕು ಏರುಪೇರಾಗಿದ್ದರೆ ಒಳಗಿನ ಬ್ಲೇಡ್ ಸಿಲುಕುತ್ತಿದೆ. ಒಳಗಿನ ಎನ್‌ಡಿ ಫಿಲ್ಟರ್ ಆನ್-ಆಫ್ ಮಾಡಿ ನೋಡಿ.
6. ಹತ್ತಿರ, ದೂರ ಎರಡಕ್ಕೂ ಫೋಕಸ್ ಆಗುತ್ತದಾ? ಲೆನ್ಸ್ ಚಲಿಸುವಾಗ ಕರಕರ ಶಬ್ದ ಇದೆಯಾ?
7. ಬ್ಯಾಟರಿ, ಕಾರ್ಡ್, ಚಾರ್ಜಿಂಗ್ ಜಾಗದಲ್ಲಿ ಹಸಿರು ಅಥವಾ ಬಿಳಿ ಕಲೆ ಇದ್ದರೆ ನೀರು ಹೋಗಿದೆ. ಸ್ಕ್ರೂಗಳ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ.
8. ಪ್ರತೀ ಬಟನ್, ಡಯಲ್, ವ್ಯೂ ಫೈಂಡರ್, ಸ್ಕ್ರೀನ್ ಟಚ್ ಬಳಸಿ ನೋಡಿ.

ಗಲ್ಫ್‌ನಿಂದ ತರಿಸುವುದಾದರೆ

"ದುಬೈಯಲ್ಲಿರುವ ಕಾಕ ರಜೆಗೆ ಬರುವಾಗ ತರಲಿ" ಎಂಬುದು ನಮ್ಮಲ್ಲಿ ಮಾಮೂಲಿ. ಬೆಲೆ ಕಡಿಮೆ ಇರಬಹುದು, ಆದರೆ ಎರಡು ವಿಷಯ ನೋಡಬೇಕು. ಒಂದು, ವಾರಂಟಿ. ಹೆಚ್ಚಿನ ಕಂಪೆನಿಗಳ ಕ್ಯಾಮೆರಾ ವಾರಂಟಿ ಕೊಂಡ ದೇಶ ಅಥವಾ ಪ್ರದೇಶಕ್ಕೆ ಸೀಮಿತ. ಇಲ್ಲಿ ಕೆಟ್ಟರೆ ಹಣ ಕೊಟ್ಟೇ ರಿಪೇರಿ. ಎರಡು, ಕಸ್ಟಮ್ಸ್. 2016ರ ಬ್ಯಾಗೇಜ್ ನಿಯಮದಲ್ಲಿ ಸುಂಕರಹಿತ ಮಿತಿ ಸಾಮಾನ್ಯವಾಗಿ 50,000 ರೂ. ಇತ್ತು. ಟಿಕೆಟ್ ಮಾಡುವಾಗಲೇ ಈಗಿನ ಮಿತಿ ನೋಡಿಕೊಳ್ಳಿ. ಮೀರಿದ ಮೊತ್ತಕ್ಕೆ ಸುಂಕ ಕಟ್ಟಬೇಕು. ಅದನ್ನೂ ಸೇರಿಸಿ ಲೆಕ್ಕ ಹಾಕಿದರೆ ಎಷ್ಟೋ ಸಲ ಲಾಭವೇ ಉಳಿಯುವುದಿಲ್ಲ. ತರುವವರನ್ನು ಏರ್‌ಪೋರ್ಟ್‌ನಲ್ಲಿ ಕಷ್ಟಕ್ಕೆ ಸಿಲುಕಿಸುವುದೂ ಸರಿಯಲ್ಲ. ಜಪಾನ್‌ನಿಂದ ಬಂದ ಸೆಟ್ ಆದರೆ ಭಾಷೆಯ ಮೆನು ನೋಡಿ, ಕೆಲವು ಕಂಪೆನಿಗಳ ಅಲ್ಲಿನ ಮಾಡೆಲ್‌ಗಳಲ್ಲಿ ಜಪಾನೀಸ್ ಬಿಟ್ಟು ಬೇರೆ ಭಾಷೆ ಇರುವುದಿಲ್ಲ.

ಕಳವು ಮಾಲು, ಆನ್‌ಲೈನ್ ವಂಚನೆ

ಬಿಲ್ ಇಲ್ಲದ, ಮಾರುಕಟ್ಟೆಗಿಂತ ತೀರಾ ಅಗ್ಗದ ಕ್ಯಾಮೆರಾ ಕಂಡರೆ ಹಿಂದೆ ಸರಿಯಿರಿ. ಕಳವು ಮಾಲು ಎಂದು ಗೊತ್ತಿದ್ದು, ಅಥವಾ ಹಾಗೆ ನಂಬಲು ಕಾರಣವಿದ್ದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್‌ನಂತೆ ಅಪರಾಧ. ಗೊತ್ತಿಲ್ಲದೆ ಕೊಂಡರೂ ಪೊಲೀಸರು ಮಾಲು ವಶಪಡಿಸಿಕೊಂಡರೆ ಹಣ ಹೋದಂತೆಯೇ. ಮಾರುವವರಿಂದ ಸೀರಿಯಲ್ ನಂಬರ್ ಬರೆದ ಒಂದು ಸಹಿ ಮಾಡಿದ ಚೀಟಿ ಮತ್ತು ಗುರುತಿನ ಚೀಟಿಯ ಪ್ರತಿ ಪಡೆಯಿರಿ.

"ನಾನು ಆರ್ಮಿಯಲ್ಲಿದ್ದೇನೆ, ವರ್ಗಾವಣೆ ಆಗಿದೆ, ಅಡ್ವಾನ್ಸ್ ಹಾಕಿ ಪಾರ್ಸೆಲ್ ಮಾಡ್ತೇನೆ" ಎನ್ನುವವರ ಕತೆ ಎಲ್ಲರಿಗೂ ಗೊತ್ತಿರಬೇಕು. ಹಣ ಪಡೆಯಲು ಯಾರೂ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಒತ್ತಬೇಕಿಲ್ಲ. ಮೋಸ ಹೋದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಅಂಗಡಿಯಿಂದ ಕೊಂಡ ವಸ್ತುವಿನ ದೂರಿಗೆ ಗ್ರಾಹಕ ಸಹಾಯವಾಣಿ 1915 ಇದೆ. ಆದರೆ ಮನೆಯ ಹಳೆಯ ವಸ್ತು ಮಾರುವ ಖಾಸಗಿ ವ್ಯಕ್ತಿ ವ್ಯಾಪಾರಿಯಲ್ಲ, ಆತನ ವಿರುದ್ಧ ಗ್ರಾಹಕ ಆಯೋಗದಿಂದ ಪರಿಹಾರ ಪಡೆಯುವುದು ಕಷ್ಟ. ವಾರಂಟಿ ಕೊಡುವ ಯೂಸ್ಡ್ ಕ್ಯಾಮೆರಾ ಅಂಗಡಿಗೆ ನಾಲ್ಕೈದು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ ಎನ್ನುವುದು ಇದಕ್ಕೇ.

ಹಾಗಾದರೆ ಯಾವುದು?

ಕ್ಯಾಮೆರಾ ಪರೀಕ್ಷಿಸಲು ಗೊತ್ತಿಲ್ಲದವರು, ಸರ್ವೀಸ್ ಸೆಂಟರ್‌ನಿಂದ ದೂರ ಇರುವವರು, ಜಿಎಸ್‌ಟಿ ಬಿಲ್ ಬೇಕಾದವರು ಹೊಸದೇ ಕೊಳ್ಳಲಿ. ಪರೀಕ್ಷೆ ಮಾಡಬಲ್ಲವರು, ಪರಿಚಯದ ಮಾಲಕನಿಂದ ಬಿಲ್ ಸಹಿತ ಒಳ್ಳೆಯ ಕಡಿತದಲ್ಲಿ ಸಿಗುವವರು ಹಳೆಯದು ಕೊಳ್ಳಲಿ. ರಿಪೇರಿಗೆಂದು 15 ಸಾವಿರ ಬೇರೆ ಎತ್ತಿಡಲು ಆಗದಿದ್ದರೆ ಮಾತ್ರ ಹಳೆಯದು ಬೇಡ.

ಕೊಲ್ಹಾಪುರದ ಬಾಬುರಾವ್ ಪೇಂಟರ್ 1918ರಲ್ಲಿ ಸ್ವಂತವಾಗಿ ಸಿನಿಮಾ ಕ್ಯಾಮೆರಾ ಕಟ್ಟಿ, 1920ರಲ್ಲಿ 'ಸೈರಂಧ್ರಿ' ಚಿತ್ರ ಹೊರತಂದವರು. ವಿದೇಶದ ಹೊಸ ಯಂತ್ರ ಬರಲಿ ಎಂದು ಅವರು ಕಾಯಲಿಲ್ಲ. ಕೈಯಲ್ಲಿರುವ ಯಂತ್ರವನ್ನು ಒಳಗಿನಿಂದ ಬಲ್ಲವನಿಗೆ ಅದು ಹೊಸದೋ ಹಳೆಯದೋ ಎಂಬುದು ದೊಡ್ಡ ವಿಷಯವಲ್ಲ. ಈಗ ಮೊಬೈಲ್ ಮಾತ್ರ ಇರುವವರು ಒಂದು ತಿಂಗಳು ಝೂಮ್ ಮುಟ್ಟದೆ, ಒಂದೇ ಲೆನ್ಸ್‌ನಲ್ಲಿ ಫೋಟೊ ತೆಗೆದು ನೋಡಿ. ಆ ಅಭ್ಯಾಸ ಖುಷಿ ಕೊಟ್ಟರೆ ಕ್ಯಾಮೆರಾ ಕೊಳ್ಳಿ. ಬೇಸರ ಬಂದರೆ ಒಂದೂವರೆ ಲಕ್ಷ ಉಳಿಯಿತು.